ಕಡಲ ಕೆಸರಲ್ಲಿ ಮಲಗಿರೋ ಬೀಜಗಳು: ಕೊಲ್ಲಿಯ ಬೇಸಿಗೆ ಯಾರ ಪಾಲಾಗುತ್ತೆ?

(ಈ ವಾರದ ಎಪಿಸೋಡ್‌ನ ಬರಹ ರೂಪ)

ಇವತ್ತಿನ ಎಪಿಸೋಡ್ ಕೆಸರಿನ ಬಗ್ಗೆ. ಸಮುದ್ರದ ತಳದ ಕೆಸರು. ಸ್ಕಿಪ್ ಬಟನ್ ಕಡೆ ಬೆರಳು ಹೋಗ್ತಿದೆ ಅಂತ ಗೊತ್ತು, ಎರಡು ನಿಮಿಷ ತಡೀರಿ.

1972ರ ಬೇಸಿಗೆ. ಜಪಾನಿನ ಬೇಸಿಗೆ ಅಂದ್ರೆ ಜುಲೈ, ಆಗಸ್ಟ್. ನಮ್ಮ ಏಪ್ರಿಲ್ ಅಲ್ಲ, ಇದನ್ನ ನೆನಪಲ್ಲಿಟ್ಕೊಳ್ಳಿ. ಅಲ್ಲಿ ಹರಿಮಾ-ನಾದಾ ಅಂತ ಒಂದು ಕಡಲ ಭಾಗ ಇದೆ. ಮೀನುಗಾರರು ಸಮುದ್ರದಲ್ಲೇ ಬಲೆಯ ಪಂಜರ ಕಟ್ಟಿ ಅದರೊಳಗೆ ಹಮಾಚಿ ಅನ್ನೋ ಮೀನು ಸಾಕ್ತಾರೆ. ಆ ವರ್ಷ ನೀರಿನ ಬಣ್ಣ ಬದಲಾಯ್ತು, ಕೆಂಗಂದು ಆಯ್ತು. ಬಯಲು ಕಡಲಿನ ಮೀನಾದ್ರೆ ಈಜಿ ಪಾರಾಗಬಹುದು. ಪಂಜರದ ಮೀನು ಎಲ್ಲಿಗೆ ಹೋಗುತ್ತೆ? ಸುಮಾರು 1 ಕೋಟಿ 40 ಲಕ್ಷ ಹಮಾಚಿ ಸತ್ತವು. ನಷ್ಟ 710 ಕೋಟಿ ಯೆನ್, ಅದೂ ಆಗಿನ ಕಾಲದ ಯೆನ್.

ಕೊಂದದ್ದು ಶಾಟೊನೆಲ್ಲಾ ಅನ್ನೋ ಏಕಕೋಶ ಜೀವಿ. ಬರಿಗಣ್ಣಿಗೆ ಕಾಣಲ್ಲ. ಎರಡು ಸಣ್ಣ ಬಾಲದಂಥ ಎಳೆಗಳಿಂದ ಈಜುತ್ತೆ. ಇದು ನೀರಲ್ಲಿ ಹೆಚ್ಚಾದ್ರೆ ಮೀನಿನ ಕಿವಿರು ಹಾಳಾಗಿ, ನೀರಲ್ಲಿದ್ದೂ ಮೀನು ಉಸಿರುಗಟ್ಟಿ ಸಾಯುತ್ತೆ. ಹೀಗೆ ನೀರಿನ ಬಣ್ಣ ತಿರುಗೋದಕ್ಕೆ ಜಪಾನಿನವರು ಅಕಾಶಿಯೊ ಅಂತಾರೆ. ಪೇಪರುಗಳಲ್ಲಿ ನೀವು ರೆಡ್ ಟೈಡ್ ಅನ್ನೋ ಹೆಸರು ನೋಡಿರ್ತೀರಿ.

ಎಲ್ಲರೂ ಕೇಳಿದ ಪ್ರಶ್ನೆ: ಈ ಶಾಟೊನೆಲ್ಲಾ ಎಲ್ಲಿಂದ ಬಂತು? ನನಗೆ ಹೆಚ್ಚು ಇಷ್ಟ ಆಗೋದು ಇನ್ನೊಂದು ಪ್ರಶ್ನೆ. ಆ ಜಾಗದಲ್ಲಿ ಮಾಮೂಲಾಗಿ ಇರಬೇಕಾದವರು ಎಲ್ಲಿ ಹೋಗಿದ್ರು? ಅವರ ಹೆಸರು ಡಯಾಟಮ್. ಅವರು ಎಲ್ಲಿಗೂ ಹೋಗಿರಲಿಲ್ಲ. ಅದೇ ನೀರಿನ ಕೆಳಗೆ, ಕೆಸರಲ್ಲಿ ಮಲಗಿದ್ರು.

ಮೊದಲು ಡಯಾಟಮ್ ಅಂದ್ರೆ ಯಾರು ಅಂತ ನೋಡೋಣ. ಒಂದೇ ಕೋಶದ ಪಾಚಿ. ವಿಶೇಷ ಏನಂದ್ರೆ ಅದಕ್ಕೆ ಗಾಜಿನ ಮನೆ ಇದೆ. ಸಿಲಿಕಾದಿಂದ ಮಾಡಿದ, ಡಬ್ಬಿ ಮತ್ತು ಮುಚ್ಚಳದ ಥರ ಒಂದರ ಮೇಲೊಂದು ಕೂರೋ ಎರಡು ಚಿಪ್ಪು. ಭೂಮಿ ಮೇಲೆ ನಡೆಯೋ ದ್ಯುತಿಸಂಶ್ಲೇಷಣೆಯಲ್ಲಿ ಐದನೇ ಒಂದು ಭಾಗದಷ್ಟು ಇವುಗಳದ್ದೇ ಅಂತ ಅಂದಾಜು. ಮರಗಿಡಗಳಿಗೆ ನಾವು ಕೊಡೋ ಗೌರವದ ಕಾಲು ಭಾಗ ಕೂಡ ಇವಕ್ಕೆ ಸಿಕ್ಕಿಲ್ಲ. ಕಡಲಲ್ಲಿ ಇದು ಹುಲ್ಲುಗಾವಲು. ಇದನ್ನ ಸಣ್ಣ ಪ್ರಾಣಿಗಳು ತಿಂತವೆ, ಅವನ್ನ ಮೀನು ತಿನ್ನುತ್ತೆ. ಚಿಪ್ಪುಮೀನು, ಸಿಂಪಿಗಳು ನೇರವಾಗಿ ಇದನ್ನೇ ಸೋಸಿ ತಿಂತವೆ. ಜಪಾನಿನಲ್ಲಿ ಸಾಕೋ ಸಿಂಪಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರೋದು ಹಿರೋಶಿಮಾ ಪ್ರಾಂತ್ಯದಿಂದ. ಆ ಸಿಂಪಿಯ ಊಟ ಅಂದ್ರೆ ಮುಖ್ಯವಾಗಿ ಈ ಡಯಾಟಮ್‌ಗಳು.

ಡಯಾಟಮ್‌ಗೆ ಒಂದು ತೊಂದರೆ ಇದೆ. ತೇಲಾಡೋ ಡಯಾಟಮ್‌ಗಳಿಗೆ ಈಜಲು ಬರಲ್ಲ. ಮೈಮೇಲೆ ಗಾಜಿನ ಭಾರ ಬೇರೆ. ನೀರು ಕಲಕ್ತಾ ಇರೋ ತನಕ ಮೇಲೆ ಇರ್ತಾವೆ. ನೀರು ನಿಂತ್ರೆ ನಿಧಾನಕ್ಕೆ ಮುಳುಗ್ತಾವೆ.

ಮುಳುಗಿದ ಮೇಲೆ ಎಲ್ಲವೂ ಸಾಯಲ್ಲ. ಕಥೆ ಇರೋದೇ ಇಲ್ಲಿ.

ಮೇಲ್ಗಡೆ ಆಹಾರ ಮುಗೀತು, ಅದರಲ್ಲೂ ಸಾರಜನಕ ಖಾಲಿ ಆಯ್ತು ಅಂದಾಗ ಹಲವು ಜಾತಿಯ ಡಯಾಟಮ್‌ಗಳು ತಮ್ಮ ರೂಪ ಬದಲಿಸ್ಕೊಳ್ತಾವೆ. ಕೀಟೊಸೆರಸ್ ಅನ್ನೋ ಗುಂಪು ಇದೆ. ಅದು ತನ್ನ ಹಳೇ ಚಿಪ್ಪಿನ ಒಳಗೇ ದಪ್ಪ ಗೋಡೆಯ, ಎಷ್ಟೋ ಜಾತಿಗಳಲ್ಲಿ ಮುಳ್ಳುಮುಳ್ಳಾದ ಇನ್ನೊಂದು ಚಿಪ್ಪು ಕಟ್ಟಿಕೊಂಡು ಬೀಜದ ಥರ ಆಗುತ್ತೆ. ಸ್ಕೆಲೆಟೊನೀಮಾ ಅನ್ನೋ ಇನ್ನೊಂದು ಗುಂಪು ಇಷ್ಟೆಲ್ಲ ಮಾಡಲ್ಲ. ಅದೇ ಚಿಪ್ಪು, ಅದೇ ಮನೆ. ಒಳಗಿನ ಜೀವದ್ರವ್ಯ ಮಾತ್ರ ಮುದುಡಿ, ಉಸಿರಾಟ ತೀರಾ ಕಡಿಮೆ ಮಾಡ್ಕೊಂಡು ಮಲಗುತ್ತೆ. ಒಂದು ಮನೆಗೆ ಬೀಗ ಹಾಕಿ ಊರು ಬಿಟ್ಟ ಹಾಗೆ, ಇನ್ನೊಂದು ಕಿಟಕಿ ಬಾಗಿಲು ಮುಚ್ಚಿ ಒಳಗೇ ಮಲಗಿದ ಹಾಗೆ. ವಿಜ್ಞಾನಿಗಳು ಮೊದಲನೆಯದನ್ನ ವಿಶ್ರಾಂತ ಬೀಜಕ ಅಂತಲೂ ಎರಡನೆಯದನ್ನ ವಿಶ್ರಾಂತ ಕೋಶ ಅಂತಲೂ ಬೇರೆ ಬೇರೆ ಮಾಡ್ತಾರೆ. ನಾನು ಇವತ್ತು ಎರಡನ್ನೂ ಸೇರಿಸಿ ವಿಶ್ರಾಂತ ಕೋಶ ಅಂತಲೇ ಕರೀತೀನಿ.

ಊರಲ್ಲಿ ಗದ್ದೆ ನೋಡಿದವರಿಗೆ ಇದು ಹೊಸದಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಬಿದ್ದಿರೋ ಗದ್ದೆಗೆ ಮೊದಲ ಎರಡು ಮಳೆ ಬೀಳಲಿ, ಯಾರೂ ಬಿತ್ತದ ಹುಲ್ಲು, ಕಳೆ ಎಲ್ಲಾ ಎದ್ದು ಬರುತ್ತೆ. ಮಣ್ಣಲ್ಲಿ ಬೀಜ ಇತ್ತು, ನಮಗೆ ಕಾಣ್ತಿರಲಿಲ್ಲ ಅಷ್ಟೇ. ಕೊಲ್ಲಿಯ ತಳವೂ ಹಾಗೇ ಒಂದು ಬೀಜದ ಉಗ್ರಾಣ.

ಈ ಉಗ್ರಾಣದ ಲೆಕ್ಕ ಹಾಕೋದು ಹೇಗೆ? ಮೈಕ್ರೋಸ್ಕೋಪ್ ಕೆಳಗೆ ಕೆಸರು ಇಟ್ರೆ ಸಾಲಲ್ಲ. ಸತ್ತ ಚಿಪ್ಪು, ಮಣ್ಣಿನ ಕಣ, ಮಲಗಿರೋ ಕೋಶ ಎಲ್ಲಾ ಕಲಸಿಕೊಂಡಿರುತ್ತೆ. ಮುಖ್ಯವಾಗಿ, ಮಲಗಿರೋದಕ್ಕೂ ಸತ್ತದ್ದಕ್ಕೂ ವ್ಯತ್ಯಾಸ ಹೇಳೋದು ಕಷ್ಟ. ಅದಕ್ಕೆ ಜಪಾನಿನ ಸಂಶೋಧಕರು, ಇಚಿರೊ ಇಮಾಯಿ ಮತ್ತು ಜೊತೆಯವರು, 1980ರ ದಶಕದಿಂದ ಒಂದು ಬೇರೆ ದಾರಿ ಹಿಡಿದ್ರು. ಕೆಸರನ್ನ ಪೋಷಕಾಂಶ ಇರೋ ಸಮುದ್ರದ ನೀರಲ್ಲಿ ಕರಗಿಸಿ, ಹತ್ತರಲ್ಲಿ ಒಂದು, ನೂರರಲ್ಲಿ ಒಂದು, ಸಾವಿರದಲ್ಲಿ ಒಂದು ಹೀಗೆ ತೆಳು ಮಾಡ್ತಾ ಹೋಗೋದು. ಪ್ರತಿ ಹಂತದಲ್ಲೂ ಕೆಲವು ಟ್ಯೂಬ್ ತುಂಬಿಸಿ ಬೆಳಕಲ್ಲಿ ಇಡೋದು. ಕೆಲ ದಿನ ಬಿಟ್ಟು ಯಾವ ಯಾವ ಟ್ಯೂಬಲ್ಲಿ ಯಾವ ಜಾತಿ ಮೊಳೆತಿದೆ ಅಂತ ನೋಡೋದು. ಲಕ್ಷ ಪಟ್ಟು ತೆಳು ಮಾಡಿದ ಟ್ಯೂಬಲ್ಲೂ ಸ್ಕೆಲೆಟೊನೀಮಾ ಎದ್ದು ಬಂದ್ರೆ, ಮೂಲ ಕೆಸರಲ್ಲಿ ಅದು ಲಕ್ಷದ ಲೆಕ್ಕದಲ್ಲಿ ಇತ್ತು ಅಂತ ಅರ್ಥ. ಉಳಿದದ್ದು ಸಂಖ್ಯಾಶಾಸ್ತ್ರ.

ನನಗೆ ಈ ವಿಧಾನ ಇಷ್ಟ ಆಗೋದು ಯಾಕಂದ್ರೆ, ಇದು ಎಷ್ಟು ಕೋಶ ಇವೆ ಅಂತ ಕೇಳಲ್ಲ. ಎಷ್ಟು ಕೋಶ ಏಳಬಲ್ಲವು ಅಂತ ಕೇಳುತ್ತೆ. ರೈತರು ಬಿತ್ತೋ ಮುಂಚೆ ಒಂದು ಹಿಡಿ ಬೀಜವನ್ನ ಒದ್ದೆ ಗೋಣಿಯಲ್ಲಿ ಸುತ್ತಿ ಮೊಳಕೆ ಬರುತ್ತಾ ಅಂತ ನೋಡ್ತಾರಲ್ಲ, ಅದೇ ಪರೀಕ್ಷೆ.

ಶಿಗೆರು ಇತಾಕುರಾ, ಇಮಾಯಿ ಮತ್ತು ಸಂಗಡಿಗರು ಹಿರೋಶಿಮಾ ಕೊಲ್ಲಿಯ ಕೆಸರಲ್ಲಿ ಮಾಡಿದ ಇಂಥದ್ದೇ ಲೆಕ್ಕ 1997ರಲ್ಲಿ ಪ್ರಕಟ ಆಯ್ತು. ಅಲ್ಲಿ, ಮತ್ತು ಆ ಒಳನಾಡು ಕಡಲಿನ ಬೇರೆ ಕಡೆ ಸಿಗೋ ಸಂಖ್ಯೆಗಳು ಒಂದು ಗ್ರಾಂ ಹಸಿ ಕೆಸರಿಗೆ ಸಾವಿರದಿಂದ ಹಿಡಿದು ಹತ್ತು ಲಕ್ಷದ ಆಸುಪಾಸಿನವರೆಗೆ. ಒಂದು ಗ್ರಾಂ ಅಂದ್ರೆ ಟೀ ಚಮಚದ ತುದಿಯಲ್ಲಿ ನಿಲ್ಲೋ ಅಷ್ಟು. ಅದರಲ್ಲೇ ಒಂದು ಜಿಲ್ಲೆಯ ಜನಸಂಖ್ಯೆ ಮಲಗಿರಬಹುದು.

ಈಗ ಜಾಗದ ಪರಿಚಯ. ಜಪಾನಿನ ಹೊನ್ಶು, ಶಿಕೊಕು, ಕ್ಯುಶು ಅನ್ನೋ ಮೂರು ದೊಡ್ಡ ದ್ವೀಪಗಳ ನಡುವೆ ಸಿಕ್ಕಿಕೊಂಡಿರೋ ಕಡಲಿದು, ಹೆಸರು ಸೆತೊ. ಉದ್ದ ಸುಮಾರು 450 ಕಿಲೋಮೀಟರ್, ಬೆಂಗಳೂರಿಂದ ಹೊರಟು ಹುಬ್ಬಳ್ಳಿ ದಾಟಿ ಇನ್ನೂ ಸ್ವಲ್ಪ ಮುಂದೆ. ಸರಾಸರಿ ಆಳ 38 ಮೀಟರ್, ಹೆಚ್ಚುಕಡಿಮೆ ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟಿನಷ್ಟು. 700ಕ್ಕೂ ಹೆಚ್ಚು ದ್ವೀಪಗಳು. ಹಿರೋಶಿಮಾ ಕೊಲ್ಲಿ, ಹರಿಮಾ-ನಾದಾ ಎರಡೂ ಇದರ ಭಾಗಗಳೇ. ಆಳ ಕಡಿಮೆ ಇರೋದರಿಂದ ತಳದ ಕೆಸರಿಗೂ ಮೇಲಿನ ನೀರಿಗೂ ವರ್ಷ ಪೂರ್ತಿ ಕೊಡುಕೊಳ್ಳುವಿಕೆ ನಡೀತಾ ಇರುತ್ತೆ. ಅದನ್ನ ಋತುವಿನ ಪ್ರಕಾರ ನೋಡೋಣ.

ಚಳಿಗಾಲ. ಗಾಳಿ ಜೋರು, ನೀರು ತಣ್ಣಗೆ. ಮೇಲಿನ ನೀರು ತಣ್ಣಗಾಗಿ ಭಾರ ಆಗಿ ಕೆಳಗಿಳಿಯುತ್ತೆ, ತಳದ ನೀರು ಮೇಲೆ ಬರುತ್ತೆ. ಹಾಗೆ ಬರುವಾಗ ತಳದ ಗೊಬ್ಬರ ಅಂದ್ರೆ ಸಾರಜನಕ, ರಂಜಕ, ಸಿಲಿಕಾ ಜೊತೆಗೆ ಕೆಸರಿನ ಮೇಲ್ಪದರವೂ ಒಂದಿಷ್ಟು ಎದ್ದು ಬರುತ್ತೆ. ಕೆಸರಿನ ಜೊತೆ ಮಲಗಿದ್ದ ಕೋಶಗಳೂ. ಅವುಗಳಿಗೆ ಬೆಳಕು ಸಿಕ್ಕ ತಕ್ಷಣ ಏಳ್ತಾವೆ. ತಿಂಗಳುಗಟ್ಟಲೆ ಮಲಗಿದ್ದ ಕೋಶ ಒಂದೆರಡು ದಿನದಲ್ಲಿ ವಿಭಜನೆ ಶುರುಮಾಡುತ್ತೆ. ಚಳಿಗಾಲದ ಕೊನೆ, ವಸಂತದ ಆರಂಭಕ್ಕೆ ಡಯಾಟಮ್ ಸುಗ್ಗಿ. ಇದಕ್ಕೆ ಬ್ಲೂಮ್ ಅಂತಾರೆ. ಇಲ್ಲೊಂದು ತಕರಾರು ನ್ಯಾಯವಾದದ್ದೇ: ನೀರಲ್ಲೂ ವರ್ಷವಿಡೀ ಒಂದಷ್ಟು ಡಯಾಟಮ್ ಇದ್ದೇ ಇರುತ್ತಲ್ಲ, ಅವೇ ಹೆಚ್ಚಾಗಿರಬಹುದಲ್ಲ? ಹೌದು, ಅದೂ ಆಗುತ್ತೆ. ಪ್ರತಿ ಸುಗ್ಗಿಯೂ ಕೆಸರಿಂದಲೇ ಎದ್ದು ಬರುತ್ತೆ ಅಂತ ಹೇಳಿದ್ರೆ ಅದು ಅತಿ ಆಗುತ್ತೆ. ಕೆಸರು ಕೊಡೋದು ಗ್ಯಾರಂಟಿ. ನೀರಲ್ಲಿ ಒಂದು ಜಾತಿ ಪೂರ್ತಿ ಮಾಯ ಆದ್ರೂ ಮತ್ತೆ ಶುರು ಮಾಡೋಕೆ ದಾಸ್ತಾನು ಇದೆ.

ವಸಂತದ ಕೊನೆಗೆ ಸೂರ್ಯ ಜೋರಾಗ್ತಾನೆ. ಮೇಲಿನ ನೀರು ಬೆಚ್ಚಗಾಗಿ ಹಗುರ ಆಗುತ್ತೆ, ಕೆಳಗಿನ ತಣ್ಣೀರಿನ ಮೇಲೆ ಕೂತುಬಿಡುತ್ತೆ. ನೀರು ಪದರ ಕಟ್ಟುತ್ತೆ. ಮೇಲಿನ ಪದರದ ಗೊಬ್ಬರವನ್ನ ಡಯಾಟಮ್‌ಗಳು ತಿಂದು ಮುಗಿಸಿರ್ತಾವೆ, ಕೆಳಗಿನಿಂದ ಹೊಸದು ಬರಲ್ಲ. ಆಗ ಅವು ವಿಶ್ರಾಂತ ಕೋಶ ಆಗಿ ಮುಳುಗ್ತಾವೆ. ಸುಗ್ಗಿ ಮುಗಿದ ಮೇಲೆ ಕಣಜ ತುಂಬೋ ಹಾಗೆ, ನೀರಲ್ಲಿ ಸಂಖ್ಯೆ ಇಳಿದ ಹೊತ್ತಿಗೆ ತಳಕ್ಕೆ ಹೊಸ ದಾಸ್ತಾನು ಸೇರುತ್ತೆ. ನೀರಲ್ಲಿ ಮಾತ್ರ ಅಳೆದು ಗ್ರಾಫ್ ಹಾಕಿದ್ರೆ ಡಯಾಟಮ್ ಖಾಲಿ ಅನ್ನಿಸುತ್ತೆ. ಆ ಗ್ರಾಫ್ ಅರ್ಧ ಕಥೆ.

ಆಮೇಲೆ ಜೂನ್, ಜುಲೈ. ಜಪಾನಿನ ಮಳೆಗಾಲ, ಅದಕ್ಕೆ ತ್ಸುಯು ಅಂತಾರೆ. ನದಿ ನೀರು ಕೊಲ್ಲಿಗೆ ಬರುತ್ತೆ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಹಾಗಾಗಿ ಪದರ ಇನ್ನೂ ಗಟ್ಟಿ ಆಗುತ್ತೆ. ಹಿರೋಶಿಮಾ ಕೊಲ್ಲಿಯ ಉತ್ತರ ತುದಿಗೆ ಒತಾ ನದಿ ಸೇರುತ್ತೆ. ನದಿ ಬಾಯಲ್ಲಿ ಗೊಬ್ಬರ ಸಿಗೋದರಿಂದ ಅಲ್ಲಿ ಸ್ಕೆಲೆಟೊನೀಮಾ ಬೇಸಿಗೆಯಲ್ಲೂ ಜೋರಾಗಿರಬಹುದು. ತೊಂದರೆ ಇರೋದು ನದಿಯಿಂದ ದೂರದ, ಮೇಲ್ಪದರ ಬರಿದಾದ ನೀರಲ್ಲಿ.

ಅಲ್ಲಿ ತಳ ಕತ್ತಲು. ಇಪ್ಪತ್ತು, ಮೂವತ್ತು ಮೀಟರ್ ಆಳ, ಮೇಲೆ ಮಬ್ಬು ನೀರು. ತಳದ ನೀರಿನ ಬಿಸಿ ನಿಧಾನಕ್ಕೆ ಏರಿ 20 ಡಿಗ್ರಿ ಹತ್ತಿರ ಬರುತ್ತೆ. ಅದೇ ಕೆಸರಲ್ಲಿ ಇನ್ನೊಬ್ಬರೂ ಮಲಗಿದ್ದಾರೆ, ನೆನಪಿದೆ ತಾನೆ? ಶಾಟೊನೆಲ್ಲಾ.

ಶಾಟೊನೆಲ್ಲಾದ ನಿದ್ದೆ ಬೇರೆ ಥರದ್ದು. ಬೇಸಿಗೆಯ ಕೊನೆಗೆ ಅದು ಸಿಸ್ಟ್ ಅನ್ನೋ ಗಟ್ಟಿ ಕೋಶ ಆಗಿ ತಳಕ್ಕೆ ಬೀಳುತ್ತೆ. ಬಿದ್ದ ತಕ್ಷಣ ಎಬ್ಬಿಸಿದ್ರೂ ಏಳಲ್ಲ. ಮೊದಲು ಚಳಿ ಬೇಕು. 11 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಬಿಸಿಯಲ್ಲಿ ಸುಮಾರು ನಾಲ್ಕು ತಿಂಗಳು ಕಳೀಬೇಕು. ಸೇಬಿನ ಮರಕ್ಕೆ ಹೂ ಬಿಡೋ ಮುಂಚೆ ಇಷ್ಟು ಗಂಟೆ ಚಳಿ ಬೇಕು ಅಂತಾರಲ್ಲ, ಹಾಗೆ. ಆ ಚಳಿ ಮುಗಿಸಿದ ಸಿಸ್ಟ್, ನೀರು ಮತ್ತೆ 20 ಡಿಗ್ರಿ ಆಸುಪಾಸಿಗೆ ಬಂದಾಗ ಒಡೆಯುತ್ತೆ. ಒಂದು ಇಡೀ ವರ್ಷದ ಕ್ಯಾಲೆಂಡರ್ ಅದರ ಒಳಗೇ ಇದೆ. ಡಯಾಟಮ್‌ಗೆ ಇಂಥ ಕ್ಯಾಲೆಂಡರ್ ಇಲ್ಲ. ಕೊಲ್ಲಿಯ ಹೆಚ್ಚಿನ ಡಯಾಟಮ್‌ಗಳು ಯಾವ ತಿಂಗಳಲ್ಲಿ ಎಬ್ಬಿಸಿದ್ರೂ ಏಳೋಕೆ ತಯಾರು. ಅವಕ್ಕೆ ಬೇಕಾದ್ದು ಒಂದೇ, ಬೆಳಕು. ಮಂದ ಬೆಳಕಾದ್ರೂ ಪರವಾಗಿಲ್ಲ, ಪೂರ್ತಿ ಕತ್ತಲಲ್ಲಿ ಆಗಲ್ಲ.

ಶಾಟೊನೆಲ್ಲಾ ಸಿಸ್ಟ್ ಒಡೆಯೋಕೆ ಬೆಳಕು ಬೇಡ.

ಇಡೀ ಎಪಿಸೋಡ್‌ನಲ್ಲಿ ಒಂದೇ ಸಾಲು ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಇಬ್ಬರೂ ಒಂದೇ ಕೆಸರಲ್ಲಿ ಮಲಗಿದ್ದಾರೆ. ಸಂಖ್ಯೆಯಲ್ಲಿ ಡಯಾಟಮ್ ಎಷ್ಟೋ ಪಟ್ಟು ಹೆಚ್ಚು. ಬೆಳವಣಿಗೆಯ ವೇಗದಲ್ಲೂ ಹೆಚ್ಚು: ಅನುಕೂಲ ಇದ್ರೆ ಸ್ಕೆಲೆಟೊನೀಮಾ ದಿನಕ್ಕೆ ಎರಡು ಮೂರು ಸಲ ವಿಭಜನೆ ಆಗುತ್ತೆ, ಶಾಟೊನೆಲ್ಲಾ ಸುಮಾರು ಒಂದು ಸಲ. ಸಮಬಲದ ಪಂದ್ಯ ಆದ್ರೆ ಡಯಾಟಮ್ ಗೆಲ್ಲಬೇಕು. ಆದ್ರೆ ಜುಲೈ ತಿಂಗಳ ಕತ್ತಲ ತಳದಲ್ಲಿ ಡಯಾಟಮ್‌ಗೆ ಅಲಾರಂ ಹೊಡೆಯೋದೇ ಇಲ್ಲ. ಶಾಟೊನೆಲ್ಲಾ ಎದ್ದು, ಈಜಿಕೊಂಡು ಮೇಲೆ ಹೋಗುತ್ತೆ. ಹಗಲು ಮೇಲ್ಪದರದಲ್ಲಿ ಬೆಳಕು ಹಿಡಿಯುತ್ತೆ, ರಾತ್ರಿ ಕೆಳಗಿಳಿದು ಗೊಬ್ಬರ ತಗೊಳ್ಳುತ್ತೆ. ಈಜಲು ಬರೋದರ ಲಾಭ ಅದು. ಮೈದಾನ ಖಾಲಿ, ಎದುರಾಳಿ ಇಲ್ಲ.

ಇಮಾಯಿಯವರ ವಾದ ಇದೇ. ಅವರ ಪ್ರಕಾರ ರೆಡ್ ಟೈಡ್ ಅರ್ಥ ಮಾಡ್ಕೊಳ್ಳೋಕೆ ಶಾಟೊನೆಲ್ಲಾ ಒಂದನ್ನೇ ನೋಡಿದ್ರೆ ಸಾಲದು, ಆ ಹೊತ್ತಿಗೆ ಡಯಾಟಮ್ ಯಾಕೆ ಇರಲಿಲ್ಲ ಅಂತಲೂ ನೋಡಬೇಕು. ನನಗೂ ಇದು ಸರಿ ಅನ್ನಿಸುತ್ತೆ. ಊರಲ್ಲಿ ಕಳ್ಳತನ ಆದ್ರೆ ಕಳ್ಳನ ಬಗ್ಗೆ ಮಾತ್ರ ಕೇಳಿದ್ರೆ ಸಾಕಾ, ಕಾವಲಿನವನು ಎಲ್ಲಿದ್ದ ಅಂತಲೂ ಕೇಳ್ಬೇಕಲ್ವಾ?

ಇನ್ನೊಂದು ತಮಾಷೆ. ಕೆಸರಲ್ಲಿ ಶಾಟೊನೆಲ್ಲಾ ಸಿಸ್ಟ್ ಹುಡುಕಿದಾಗ ಅವು ಸಿಕ್ಕಿದ್ದು ಬಹಳ ಸಲ ಮರಳಿನ ಕಣಕ್ಕೆ ಅಥವಾ ಡಯಾಟಮ್ ಚಿಪ್ಪಿಗೆ ಅಂಟಿಕೊಂಡು. ಎದುರಾಳಿಯ ಖಾಲಿ ಮನೆಯೇ ಇದಕ್ಕೆ ಹಾಸಿಗೆ!

ಶರತ್ಕಾಲದ ಹೊತ್ತಿಗೆ ಗಾಳಿ ಶುರು, ನೀರು ತಣ್ಣಗಾಗುತ್ತೆ, ಟೈಫೂನ್ ಬರುತ್ತೆ. ನೀರಿನ ಪದರ ಮುರಿಯುತ್ತೆ. ತಳದ ಗೊಬ್ಬರ, ತಳದ ಕೋಶ ಎರಡೂ ಮೇಲೆ. ಡಯಾಟಮ್‌ಗಳ ಇನ್ನೊಂದು ಸುಗ್ಗಿ. ಬೇಸಿಗೆ ಉದ್ದಕ್ಕೂ ಬೆಚ್ಚಗಿನ ಕೆಸರಲ್ಲಿ ಒಂದಷ್ಟು ಸತ್ತಿರ್ತಾವೆ, ಹುಳು, ಚಿಪ್ಪುಮೀನು ತಿಂದಿರ್ತಾವೆ. ತಣ್ಣಗಿನ ಕೆಸರಲ್ಲಿ ಬಾಳಿಕೆ ಹೆಚ್ಚು, ಬೆಚ್ಚಗಿನದರಲ್ಲಿ ಕಡಿಮೆ. ಆದ್ರೂ ಉಗ್ರಾಣ ಬರಿದಾಗಲ್ಲ.

ಹಾಗಾದ್ರೆ ಜುಲೈಯಲ್ಲೇ ಟೈಫೂನ್ ಬರೋವರೆಗೆ ಕಾಯದೆ ನಾವೇ ಕೆಸರು ಕಲಕಿದ್ರೆ? ಈ ಯೋಚನೆ ನಿಜವಾಗಲೂ ಬಂದಿದೆ. ಜಪಾನಿನ ಮೀನುಗಾರರು ಹಿಂದಿನಿಂದಲೂ ದೋಣಿಯ ಹಿಂದೆ ಕಬ್ಬಿಣದ ಹಲ್ಲಿರೋ ಚೌಕಟ್ಟು ಕಟ್ಟಿ ತಳವನ್ನ ಉಳುಮೆ ಮಾಡೋ ಪದ್ಧತಿ ಇದೆ, ಚಿಪ್ಪುಮೀನಿಗೆ ತಳ ಹದ ಆಗ್ಲಿ ಅಂತ. ನಮ್ಮ ಗದ್ದೆಗೆ ಹೂಟಿ ಹೊಡೆದ ಹಾಗೆ. ಅದನ್ನೇ ಸರಿಯಾದ ಸಮಯಕ್ಕೆ ಮಾಡಿದ್ರೆ ಡಯಾಟಮ್ ಕೋಶಗಳು ಬೆಳಕಿಗೆ ಬಂದು, ಶಾಟೊನೆಲ್ಲಾಗೆ ಮುಂಚೆ ಗೊಬ್ಬರ ತಿಂದುಬಿಡ್ತಾವೆ ಅನ್ನೋದು ಇಮಾಯಿ ಮತ್ತಿತರರು ಮುಂದಿಟ್ಟ ಸಲಹೆ. ಲಾಜಿಕ್ ಚೆನ್ನಾಗಿದೆ. ವಿಷ ಹಾಕಬೇಕಿಲ್ಲ, ಹೊರಗಿಂದ ಏನೂ ತರಬೇಕಿಲ್ಲ. ಆದ್ರೆ ನನಗೆ ಅನುಮಾನ ಇದೆ. ಕೆಸರು ಎಬ್ಬಿಸಿದ್ರೆ ಡಯಾಟಮ್ ಒಂದೇ ಏಳಲ್ಲ. ಕೊಳೆತ ಪದಾರ್ಥ ಎದ್ದು ನೀರಿನ ಆಮ್ಲಜನಕ ಕುಡಿಯುತ್ತೆ, ಗೊಬ್ಬರ ಏಳುತ್ತೆ, ಸಿಸ್ಟ್ ಕೂಡ ಏಳುತ್ತೆ. ಶಾಟೊನೆಲ್ಲಾ ಆಗಲೇ ಹೆಚ್ಚಾಗಿದ್ರೆ ಆ ಗೊಬ್ಬರ ಯಾರ ಬಾಯಿಗೆ ಬೀಳುತ್ತೆ? ಒಂದು ಸಣ್ಣ ಕೊಲ್ಲಿಯಲ್ಲಿ, ಸರಿಯಾದ ವಾರದಲ್ಲಿ ಆಗಬಹುದು. 450 ಕಿಲೋಮೀಟರ್ ಸಮುದ್ರಕ್ಕೆ ಹೂಟಿ ಹೊಡೆಯೋಕೆ ಆಗಲ್ಲ.

ಇಲ್ಲಿವರೆಗೆ ಕೇಳಿದ್ರೆ ಡಯಾಟಮ್ ಹೀರೊ, ಶಾಟೊನೆಲ್ಲಾ ವಿಲನ್ ಅನ್ಸುತ್ತೆ. ನೊರಿ ಬೆಳೆಯೋರ ಹತ್ತಿರ ಹಾಗೆ ಹೇಳಿದ್ರೆ ಒಪ್ಪಲ್ಲ. ಸುಶಿಗೆ ಸುತ್ತೋ ಆ ಕಪ್ಪು ಹಾಳೆ ಇದೆಯಲ್ಲ, ಅದು ಕಡಲಪಾಚಿ. ಚಳಿಗಾಲದಲ್ಲಿ ಸಮುದ್ರದಲ್ಲಿ ಬಲೆ ಹರಡಿ ಅದರ ಮೇಲೆ ಬೆಳೀತಾರೆ. ಅದಕ್ಕೂ ಬೇಕಾದ್ದು ಸಾರಜನಕವೇ. ಚಳಿಗಾಲದಲ್ಲಿ ಡಯಾಟಮ್ ಸುಗ್ಗಿ ಜೋರಾದ್ರೆ ನೊರಿಗೆ ಗೊಬ್ಬರ ಸಿಗದೆ ಬಣ್ಣ ಬಿಳುಚಿಕೊಳ್ಳುತ್ತೆ. ಬಣ್ಣ ಹೋದ ನೊರಿಗೆ ಬೆಲೆ ಇಲ್ಲ. 2000ದ ಡಿಸೆಂಬರಿನಲ್ಲಿ ಕ್ಯುಶುವಿನ ಅರಿಯಾಕೆ ಸಮುದ್ರದಲ್ಲಿ ಇದೇ ಆಯ್ತು. ರೈಜೊಸೊಲೀನಿಯಾ ಅನ್ನೋ ಡಯಾಟಮ್ ಹೆಚ್ಚಾಗಿ ಆ ಸಲದ ನೊರಿ ಬೆಳೆ ನೆಲಕಚ್ಚಿತು. ಅಲ್ಲಿನ ಇಸಹಾಯಾ ಕೊಲ್ಲಿಯನ್ನ 1997ರಲ್ಲಿ ಒಡ್ಡು ಹಾಕಿ ಮುಚ್ಚಿದ್ರು. ಮೀನುಗಾರರು ಎಲ್ಲದಕ್ಕೂ ಆ ಒಡ್ಡೇ ಕಾರಣ ಅಂದ್ರು. ಗೇಟು ತೆಗೀಬೇಕೋ ಬೇಡವೋ ಅನ್ನೋ ಜಗಳ ವರ್ಷಗಟ್ಟಲೆ ಕೋರ್ಟಿನಲ್ಲಿ ನಡೀತು.

ಅಂದ್ರೆ ಸಿಂಪಿ ಸಾಕೋರಿಗೆ ಡಯಾಟಮ್ ಅನ್ನ, ನೊರಿ ಬೆಳೆಯೋರಿಗೆ ಫೆಬ್ರವರಿಯಲ್ಲಿ ಅದೇ ಕಳೆ, ಹಮಾಚಿ ಸಾಕೋರಿಗೆ ಜುಲೈಯಲ್ಲಿ ಅದೇ ಕಾವಲು.

ಸರ್ಕಾರ ಏನು ಮಾಡ್ತು ಅಂತ ಕೇಳ್ತೀರಾ? 1973ರಲ್ಲಿ, ಹರಿಮಾ-ನಾದಾ ದುರಂತದ ಮರುವರ್ಷವೇ, ಸೆತೊ ಸಮುದ್ರಕ್ಕೆ ಕೊಳಚೆ ಬಿಡೋದನ್ನ ತಡೆಯೋಕೆ ವಿಶೇಷ ಕಾನೂನು ತಂದ್ರು. 1976ರಲ್ಲಿ ಅಲ್ಲಿ 299 ರೆಡ್ ಟೈಡ್ ದಾಖಲಾಗಿದ್ವು. ಗೊಬ್ಬರ ಕಡಿಮೆ ಆಗ್ತಾ ಆಗ್ತಾ ನಂತರದ ದಶಕಗಳಲ್ಲಿ ಆ ಸಂಖ್ಯೆ ನೂರರ ಆಸುಪಾಸಿಗೆ ಇಳೀತು. ಒಳ್ಳೇದೇ. ಆಮೇಲೆ ಮೀನುಗಾರರು ಬೇರೆ ದೂರು ತಂದ್ರು: ನೀರು ತುಂಬಾ ಸ್ವಚ್ಛ ಆಯ್ತು, ಮೀನು ಕಡಿಮೆ, ನೊರಿ ಬಣ್ಣ ಕಳ್ಕೊಳ್ತಿದೆ. 2021ರಲ್ಲಿ ಅದೇ ಕಾನೂನು ತಿದ್ದಿ, ಬೇಕಾದ ಕಡೆ ಸಮುದ್ರಕ್ಕೆ ಪೋಷಕಾಂಶ ಸಿಗೋ ಹಾಗೆ ನೋಡಿಕೊಳ್ಳೋಕೆ ಅವಕಾಶ ಕೊಟ್ರು. ಐವತ್ತು ವರ್ಷ ಕೊಳಚೆ ನಿಲ್ಲಿಸಿದ ಮೇಲೆ ಈಗ ಅಳತೆ ನೋಡಿ ಸ್ವಲ್ಪ ಬಿಡಿ ಅಂತ. ಇದನ್ನ ಕೇಳಿ ನಗಬೇಡಿ. ಸ್ವಚ್ಛ ಅನ್ನೋ ಪದಕ್ಕೆ ಕುಡಿಯೋ ನೀರಲ್ಲಿ ಇರೋ ಅರ್ಥವೇ ಕೊಲ್ಲಿಯಲ್ಲೂ ಇರಬೇಕು ಅಂತೇನಿಲ್ಲ.

ಈ ಕೋಶಗಳು ಎಷ್ಟು ಕಾಲ ಮಲಗಬಹುದು? ಋತುವಿನ ಲೆಕ್ಕ ಬಿಟ್ಟು ಈಗ ಶತಮಾನದ ಲೆಕ್ಕಕ್ಕೆ ಹೋಗೋಣ. ಡೆನ್ಮಾರ್ಕಿನಲ್ಲಿ ಮಾರಿಯಾಗರ್ ಅನ್ನೋ ಫ್ಯೋರ್ಡ್ ಇದೆ, ನೆಲದೊಳಗೆ ಚಾಚಿದ ಕಿರಿದಾದ ಕಡಲ ತೋಳು. ಅಲ್ಲಿ ತಳದಲ್ಲಿ ಆಮ್ಲಜನಕ ಇಲ್ಲ, ಕೆಸರು ಕೆದಕೋ ಹುಳುಗಳೂ ಇಲ್ಲ, ಹಾಗಾಗಿ ಕೆಸರು ವರ್ಷ ವರ್ಷ ಪದರ ಪದರವಾಗಿ ಕೂತಿದೆ. ಕೊಳವೆ ಇಳಿಸಿ ಆ ಪದರ ಎತ್ತಿ, ಸುಮಾರು ನೂರು ವರ್ಷ ಹಳೆಯ ಸ್ಕೆಲೆಟೊನೀಮಾ ಕೋಶಗಳನ್ನ ಎಬ್ಬಿಸಿದ್ರು. 2011ರಲ್ಲಿ ಪ್ರಕಟವಾದ ಅಧ್ಯಯನ. ನೂರು ವರ್ಷ ಅಂದ್ರೆ ಡಯಾಟಮ್ ಲೆಕ್ಕದಲ್ಲಿ ಸುಮಾರು 40 ಸಾವಿರ ತಲೆಮಾರು. ಹಳೇದರ ಮತ್ತು ಹೊಸದರ ಡಿಎನ್ಎ ಹೋಲಿಸಿದಾಗ ಆ ಫ್ಯೋರ್ಡಿನ ವಂಶ ಹೆಚ್ಚುಕಡಿಮೆ ಹಾಗೇ ಉಳಿದಿತ್ತು, ಹೊರಗಿನ ಸಮುದ್ರದ ಅದೇ ಜಾತಿಗಿಂತ ಬೇರೆಯಾಗಿತ್ತು. ತಳದ ದಾಸ್ತಾನು ಪದೇ ಪದೇ ಮೇಲೆ ಬಂದು ಊರಿನ ತಳಿಯನ್ನ ಉಳಿಸುತ್ತೆ ಅನ್ನೋದು ಅವರ ವಿವರಣೆ. ಬಾಲ್ಟಿಕ್ ಸಮುದ್ರದಲ್ಲಿ, ಸುಮಾರು 240 ಮೀಟರ್ ಆಳದ ಕೆಸರಿಂದ, 7000 ವರ್ಷದ ಆಸುಪಾಸಿನ ಸ್ಕೆಲೆಟೊನೀಮಾವನ್ನೂ ಎಬ್ಬಿಸಿದ್ದಾರೆ. ಎದ್ದು, ಬೆಳೆದು, ದ್ಯುತಿಸಂಶ್ಲೇಷಣೆಯನ್ನೂ ಮಾಡಿತು. 2025ರಲ್ಲಿ ಅದರ ಸುದ್ದಿ ನಿಮ್ಮಲ್ಲಿ ಕೆಲವರು ಓದಿರಬಹುದು.

ಆಮ್ಲಜನಕ ಇಲ್ಲದ ಕತ್ತಲಲ್ಲಿ ಉಸಿರಾಡೋದು ಹೇಗೆ ಅನ್ನೋದಕ್ಕೂ ಒಂದು ಸುಳಿವು ಸಿಕ್ಕಿದೆ. ಕೆಲವು ಡಯಾಟಮ್‌ಗಳು ಕೋಶದೊಳಗೆ ನೈಟ್ರೇಟ್ ಕೂಡಿಟ್ಟುಕೊಂಡು, ಆಮ್ಲಜನಕದ ಬದಲು ಅದನ್ನೇ ಬಳಸಿ ಉಸಿರಾಡ್ತವೆ ಅಂತ 2011ರಲ್ಲೇ ತೋರಿಸಿದ್ರು. ಅಂಫೋರಾ ಅನ್ನೋ, ತಳದಲ್ಲೇ ಬದುಕೋ ಡಯಾಟಮ್ ಮೇಲೆ ಮಾಡಿದ ಪ್ರಯೋಗ ಅದು. ಪವರ್ ಬ್ಯಾಂಕ್ ಇಟ್ಕೊಂಡ ಹಾಗೆ ಅನ್ನಿ.

ಮಲಗಿದ ಕೋಶ ಪ್ರಯಾಣವನ್ನೂ ಮಾಡುತ್ತೆ. ಹಡಗುಗಳು ಸಮತೋಲನಕ್ಕೆ ಅಂತ ಒಂದು ಬಂದರಿನ ನೀರು ತುಂಬಿಸಿ ಇನ್ನೊಂದರಲ್ಲಿ ಖಾಲಿ ಮಾಡ್ತವೆ. ನೀರಿನ ಜೊತೆ ಕೆಸರು, ಕೆಸರಿನ ಜೊತೆ ವಿಶ್ರಾಂತ ಕೋಶ. ಟ್ಯಾಂಕಿನ ಕತ್ತಲು ಇವಕ್ಕೆ ಹೊಸದಲ್ಲ! ಈ ನೀರನ್ನ ಸಂಸ್ಕರಿಸಬೇಕು ಅನ್ನೋ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ಆಯ್ತು, ಜಾರಿಗೆ ಬಂದದ್ದು 2017ರ ಸೆಪ್ಟೆಂಬರಿನಲ್ಲಿ.

ಕೊನೆಗೆ ನಮ್ಮ ಕರಾವಳಿ. ಮೇಲೆ ಹೇಳಿದ ಡೆನ್ಮಾರ್ಕ್ ಅಧ್ಯಯನದಲ್ಲಿದ್ದ ಸ್ವೀಡನ್ನಿನ ವಿಜ್ಞಾನಿ ಅನ್ನಾ ಗೋಧೆ, ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಸಂಶೋಧಕರ ಜೊತೆ ನಮ್ಮ ಕಡಲಿನ ಸೂಕ್ಷ್ಮ ಪಾಚಿಗಳ ಮೇಲೂ ಕೆಲಸ ಮಾಡಿದವರು. ಆದ್ರೆ ಸೆತೊ ಸಮುದ್ರದ ಕ್ಯಾಲೆಂಡರನ್ನ ಹಾಗೇ ತಂದು ಇಲ್ಲಿ ತೂಗುಹಾಕೋಕೆ ಬರಲ್ಲ. ನಮ್ಮಲ್ಲಿ ತಳದ ನೀರು 11 ಡಿಗ್ರಿಗೆ ಇಳಿಯೋ ಚಳಿಗಾಲ ಎಲ್ಲಿದೆ? ಇಲ್ಲಿ ಕಡಲು ಕಲಕೋದು ಮುಂಗಾರು. ಜೂನ್ ಬಂತು ಅಂದ್ರೆ ಅಲೆ ತಳ ಮುಟ್ಟುತ್ತೆ, ಆಳದ ತಣ್ಣೀರು ಗೊಬ್ಬರ ಹೊತ್ತು ತೀರದ ಕಡೆ ಏರುತ್ತೆ, ಡಯಾಟಮ್ ಹೆಚ್ಚಾಗುತ್ತೆ. ಜಪಾನಿನ ಕೊಲ್ಲಿಯಲ್ಲಿ ನೀರು ಪದರ ಕಟ್ಟಿ ಸುಮ್ಮನಾಗೋ ತಿಂಗಳಲ್ಲೇ ನಮ್ಮ ಕಡಲು ಬುಡಮೇಲಾಗಿರುತ್ತೆ.

ಬೂತಾಯಿ ತಿನ್ನೋರಿಗೆ ಒಂದು ಮಾತು. ಬೂತಾಯಿಯ ಹೊಟ್ಟೆಯಲ್ಲಿ ಫ್ರಜಿಲೇರಿಯಾ ಓಶಿಯಾನಿಕಾ ಅನ್ನೋ ಡಯಾಟಮ್ ರಾಶಿ ಇರುತ್ತೆ ಅಂತ ಬ್ರಿಟಿಷರ ಕಾಲದಲ್ಲೇ ಗುರುತಿಸಿದ್ರು. 1955ರಲ್ಲಿ ನಾಯರ್ ಮತ್ತು ಸುಬ್ರಹ್ಮಣ್ಯನ್ ಅನ್ನೋ ವಿಜ್ಞಾನಿಗಳು ಇನ್ನೂ ಮುಂದೆ ಹೋಗಿ, ಈ ಡಯಾಟಮ್ ಹೆಚ್ಚಾಗಿ ಕಂಡ್ರೆ ಬೂತಾಯಿ ಹೆಚ್ಚು ಬರೋ ಸೂಚನೆ ಅಂತ ಬರೆದ್ರು. ಜೂನ್, ಜುಲೈ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತಲ್ಲ, ದಡದಲ್ಲಿ ಬಲೆ ರಿಪೇರಿ ನಡೆಯೋ ಆ ಹೊತ್ತಲ್ಲೇ ಕಡಲ ತಳದ ಕೆಸರು ಏಳ್ತಾ ಇರುತ್ತೆ.

ಮುಂದಿನ ಸಲ ಮಲ್ಪೆಗೋ ಕಾರವಾರಕ್ಕೋ ಹೋದಾಗ ಮುಂಗಾರಿನ ನೀರು ರಾಡಿ ಅಂತ ಫೋಟೊ ತೆಗೆಯದೆ ಬರ್ತೀವಲ್ಲ, ಆ ರಾಡಿಯಲ್ಲಿ ಯಾರ್ಯಾರು ಎಚ್ಚರ ಆಗ್ತಿದ್ದಾರೆ ಅಂತ ಕಾಮೆಂಟಲ್ಲಿ ಪ್ರಶ್ನೆ ಬರೀರಿ. ಮುಂದಿನ ವಾರ ಸಿಗೋಣ.